ಕಾನಿನ ರಸ್ತೆಗೆ ಬಂಡೀಪುರದ ಮದ್ದು ನಡೆಯುತ್ತಾ?

ಕಾನುಮನೆ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆದಿದ್ದೇನೆ, ಬೈಯಬೇಡಿ.

ನಮ್ಮ ಮನೆ ಇರುವುದು ಜೋಗದ ಕಡೆಯಿಂದ ಹೊನ್ನಾವರಕ್ಕೆ ಇಳಿಯುವ ದಾರಿಯಲ್ಲಿ, ಮಾವಿನಗುಂಡಿ ದಾಟಿದ ಮೇಲೆ ಸಿಗುವ ಕಾಡಿನ ಅಂಚಿಗೆ. ಇಲ್ಲಿನ ಕಾಡು 2019ರಿಂದ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯ. ಒಟ್ಟು 930 ಚದರ ಕಿಲೋಮೀಟರ್. ನಮಗೆ ಅದು ಬರೀ ಕಾನು. ನಡು ಮಧ್ಯಾಹ್ನ ಒಳಗೆ ಹೋದರೂ ಸಂಜೆಯಾದ ಹಾಗಿರುತ್ತದೆ.

ಮೊನ್ನೆ ಮೊದಲ ಜೋರು ಮಳೆ ಬಿದ್ದ ಸಂಜೆ ಅಂಗಡಿ ಮುಚ್ಚಿ ಸ್ಕೂಟರಿನಲ್ಲಿ ಬರುತ್ತಿದ್ದೆ. ಏಳೂವರೆ ಇರಬಹುದು. ಟಾರಿನ ಮೇಲೆ ತರಗೆಲೆ ಬಿದ್ದಿದೆ ಅಂದುಕೊಂಡೆ. ಒಂದು ಎಲೆ ಹಾರಿತು. ಗಾಡಿ ನಿಲ್ಲಿಸಿ ಮೊಬೈಲ್ ಬೆಳಕು ಬಿಟ್ಟರೆ ರಸ್ತೆ ತುಂಬಾ ಕಪ್ಪೆ. ಜೀವ ಇದ್ದವು ಕೆಲವು, ಚಪ್ಪಟೆಯಾದವು ಜಾಸ್ತಿ. ಒಂದು ಹೆಣ್ಣಿನ ಹೊಟ್ಟೆ ಒಡೆದು ಮೊಟ್ಟೆಯೆಲ್ಲ ನೆನೆಸಿದ ಕಾಮಕಸ್ತೂರಿ ಬೀಜ ಚೆಲ್ಲಿದ ಹಾಗೆ ಬಿದ್ದಿತ್ತು. ಎರಡು ಕರೆಂಟ್ ಕಂಬದ ನಡುವೆ ಎಷ್ಟಿವೆ ಅಂತ ಎಣಿಸಲು ಶುರು ಮಾಡಿದೆ. ಅಷ್ಟರಲ್ಲಿ ಲಾರಿ ಬಂತು. ಬದಿಗೆ ಸರಿದು ನಿಂತೆ. ಲಾರಿ ಹೋದ ಮೇಲೆ ಎಣಿಸುವ ಮನಸ್ಸಾಗಲಿಲ್ಲ.

ಬಂಡೀಪುರದಲ್ಲಿ ರಾತ್ರಿ ಗಾಡಿ ಬಿಡುವುದಿಲ್ಲ. ಇಲ್ಲಿ ಯಾಕೆ ಆಗಬಾರದು? ಯಾರಾದರೂ ತಿಳಿದವರು ಹೇಳಿ.

ಗುಂಡ್ಲುಪೇಟೆಯವ:
ನಮ್ಮೂರಿನ ಕತೆ ಹೇಳುತ್ತೇನೆ. 2009ರ ಜೂನ್‌ನಲ್ಲಿ ಜಿಲ್ಲಾಧಿಕಾರಿ ಆದೇಶ ಬಂತು. ಗಲಾಟೆಯಾಯಿತು, ನಿಂತಿತು, ಮತ್ತೆ ಶುರುವಾಯಿತು. 2010ರ ಮಾರ್ಚ್‌ನಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಗೇಟು ಬಂದ್. ಕೆಲವೇ ಬಸ್ಸು ಮತ್ತು ಆಂಬುಲೆನ್ಸ್‌ಗೆ ವಿನಾಯಿತಿ. ಅದಕ್ಕೂ ಮೊದಲು ಬೆಳಗ್ಗೆ ಎದ್ದರೆ ಇವತ್ತೊಂದು ಜಿಂಕೆ, ನಾಳೆಯೊಂದು ಕಡವೆ ಅನ್ನುವ ಸುದ್ದಿ ಇರುತ್ತಿತ್ತು. ಈಗ ಅದು ಕಡಿಮೆಯಾಗಿದೆ. ನಮ್ಮ ಕಣ್ಣಿಗೇ ಕಾಣುತ್ತದೆ. ಹಾಗಾಗಿ ಮಾಡಿ ಅಂತಲೇ ಹೇಳುತ್ತೇನೆ.

ಆದರೆ ಒಂದು ಮಾತು. ನಮ್ಮಲ್ಲಿ ಬದಲಿ ದಾರಿ ಇತ್ತು. ಹುಣಸೂರು, ಗೋಣಿಕೊಪ್ಪ, ಕುಟ್ಟ ಮೇಲೆ ಸುತ್ತಿ ಹೋಗಬಹುದು. ನಿಮ್ಮಲ್ಲಿ?

ಹೆಡ್‌ಲೈಟ್:
ಕಾನುಮನೆ ಅಣ್ಣಾ, ಆ ಲಾರಿ ನನ್ನದಲ್ಲ, ಆದರೆ ನನ್ನದೂ ಆಗಿರಬಹುದಿತ್ತು. ನಾನು ಹೊನ್ನಾವರದಿಂದ ಶಿವಮೊಗ್ಗಕ್ಕೆ ಮೀನು ಹೊಡೆಯುವವನು. ಮೀನು ಇಳಿಯುವುದು ಸಂಜೆ, ಮಾರ್ಕೆಟ್ ಬೆಳಗಿನ ಜಾವ. ರಾತ್ರಿ ಗೇಟು ಹಾಕಿದರೆ ಐಸ್ ಕರಗುತ್ತದೆ, ಸಾಲ ಕರಗುವುದಿಲ್ಲ.

ಬದಲಿ ದಾರಿ ಕೇಳಿದಿರಲ್ಲ ಗುಂಡ್ಲುಪೇಟೆಯವರೇ, ಇದೆ. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿ. ಅದೂ ಕಾಡು. ಇಲ್ಲ, ಕೊಲ್ಲೂರು ಮೇಲೆ ನಾಗೋಡಿ ಘಟ್ಟ. ಅದು ಮೂಕಾಂಬಿಕಾ ಅಭಯಾರಣ್ಯ. ಇನ್ನೂ ಕೆಳಗೆ ಹೋದರೆ ಹುಲಿಕಲ್, ಆಗುಂಬೆ. ಕರಾವಳಿಯವನು ಯಾವ ಘಟ್ಟ ಹತ್ತಿದರೂ ಕಾಡಿನ ಹೊಟ್ಟೆಯ ಮೇಲೇ ಹಾಯಬೇಕು. ಇಲ್ಲಿ ಬಂದ್ ಮಾಡಿದರೆ ನಮ್ಮ ಗಾಡಿಯೆಲ್ಲ ಅಲ್ಲಿನ ಕಪ್ಪೆ ಮೇಲೆ ಹೋಗುತ್ತದೆ. ಅಷ್ಟೇ ವ್ಯತ್ಯಾಸ.

ಮತ್ತೆ ಮಳೆಯಲ್ಲಿ ಕಪ್ಪೆ ಕಾಣುವುದೇ ಇಲ್ಲ ಮಾರಾಯ್ರೆ. ಕಾಟಿ ಅಡ್ಡ ಬಂದರೆ ಕಣ್ಣು ಹೊಳೆಯುತ್ತದೆ, ಬ್ರೇಕ್ ಹಾಕುತ್ತೇವೆ. ಕಪ್ಪೆಗೆ ಯಾರು ಬ್ರೇಕ್ ಹಾಕುತ್ತಾರೆ? ಆ ತಿರುವಿನಲ್ಲಿ ಹಾಕಿದರೆ ನಾನೇ ಪಲ್ಟಿ.

ವೇಗದೂತ_77:
ನಾಲ್ಕು ಕಪ್ಪೆಗೋಸ್ಕರ ಹೆದ್ದಾರಿ ಮುಚ್ಚಬೇಕಂತೆ 😀 ಮೊದಲು ಗುಂಡಿ ಮುಚ್ಚಿಸಿ.

ಕಪ್ಪೆಗೂಡು:
ನಾಲ್ಕಲ್ಲ ಸಾರ್. ಇದೇ ಶರಾವತಿ ಕಣಿವೆಯ ರಸ್ತೆಗಳಲ್ಲಿ ಕೆ.ಎಸ್. ಶೇಷಾದ್ರಿ, ಕೆ.ವಿ. ಗುರುರಾಜ ಮತ್ತು ಜೊತೆಯವರು ಎಣಿಸಿ 2009ರಲ್ಲಿ ಪ್ರಕಟಿಸಿದ್ದಾರೆ. ನೂರು ನೂರು ಮೀಟರಿನ ತುಂಡುಗಳು, ನಾಲ್ಕೇ ದಿನ. ಸಿಕ್ಕಿದ್ದು 144 ಸತ್ತ ಜೀವ, 13 ಜಾತಿ. ಕಾಡಿನೊಳಗಿನ ರಸ್ತೆಯಲ್ಲಿ ಕಿಲೋಮೀಟರಿಗೆ 55, ಗದ್ದೆ ಬಯಲಿನಲ್ಲಿ 38, ನೀರಿನ ಪಕ್ಕದಲ್ಲಿ 27. ನೀರಿನ ಹತ್ತಿರ ಜಾಸ್ತಿ ಸಾಯುತ್ತವೆ ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಲೆಕ್ಕ ಉಲ್ಟಾ ಇದೆ.

ಸತ್ತಿದ್ದೆಲ್ಲ ಕಪ್ಪೆಯೂ ಅಲ್ಲ. ಕಾಲಿಲ್ಲದ, ಎರೆಹುಳದ ಹಾಗೆ ಕಾಣುವ ಸಿಸಿಲಿಯನ್ ಅನ್ನುವ ಜೀವಿಯೂ ಆ ಪಟ್ಟಿಯಲ್ಲಿದೆ. ಅದು ವರ್ಷದ ಹೆಚ್ಚು ಕಾಲ ಮಣ್ಣೊಳಗೇ ಇರುತ್ತದೆ. ಹಳ್ಳಿಯವರು ಹಾವಿನ ಮರಿ ಅಂತ ಹೊಡೆಯುತ್ತಾರೆ, ಮಳೆಗೆ ಮೇಲೆ ಬಂದರೆ ಚಕ್ರ ಹೊಡೆಯುತ್ತದೆ.

ಇನ್ನೊಂದು ಹೇಳಲೇಬೇಕು. ಕಾನುಮನೆ ಅವರ ದಾರಿಯಲ್ಲೇ ಕತ್ತಲೆಕಾನು ಇದೆ. ರಾಂಪತ್ರೆ ಜಡ್ಡಿ, ಅಂದರೆ ರಾಂಪತ್ರೆ ಮರಗಳ ಜೌಗು ಕಾಡು. ಕೆಸರಿನಿಂದ ಬೇರು ಮಂಡಿ ಮಡಚಿದ ಹಾಗೆ ಮೇಲೆದ್ದಿರುತ್ತದೆ, ಕಾಲಿಟ್ಟರೆ ಮೊಣಕಾಲವರೆಗೆ ಹೂಳುತ್ತದೆ. 2014ರಲ್ಲಿ ಹೆಸರಿಟ್ಟ ಕುಂಬಾರ ಕಪ್ಪೆ ಇರುವುದು ಇಂಥ ಕಡೆ. ಹೆಣ್ಣು ನೀರಿನ ಮೇಲೆ ಬಾಗಿದ ಕಡ್ಡಿಗೆ ಮೊಟ್ಟೆ ಅಂಟಿಸುತ್ತದೆ. ಆಮೇಲೆ ಗಂಡು ಹಿಂಗಾಲ ಮೇಲೆ ನಿಂತು, ಮುಂಗೈಯಲ್ಲಿ ಹಳ್ಳದ ಕೆಸರು ತೆಗೆದು ಮೊಟ್ಟೆಗೆ ಮೆತ್ತುತ್ತದೆ. ಮತ್ತೆ ಬಗ್ಗುತ್ತದೆ, ಮತ್ತೆ ಮೆತ್ತುತ್ತದೆ. ಕೆಂಪು ಬೆಳಕಿನ ಟಾರ್ಚ್ ಹಿಡಿದು ಒಮ್ಮೆ ನೋಡಿದ್ದೇನೆ. ನಮ್ಮಜ್ಜಿ ಒಲೆಗೆ ಮಣ್ಣು ಸಾರಿಸುತ್ತಿದ್ದದ್ದು ನೆನಪಾಯಿತು. ರಸ್ತೆ ಕೆಲಸದ ಕೆಮ್ಮಣ್ಣು ಹಳ್ಳಕ್ಕೆ ಇಳಿದರೆ, ಮೋರಿ ಕಟ್ಟಿ ನೀರಿನ ದಾರಿ ತಪ್ಪಿಸಿದರೆ, ಈ ಕಪ್ಪೆ ಚಕ್ರಕ್ಕೆ ಸಿಗದೆಯೂ ಸಾಯುತ್ತದೆ. ಅದಕ್ಕೆ ರಾತ್ರಿ ಗೇಟು ಹಾಕಿ ಏನು ಪ್ರಯೋಜನ?

ಸೊಪ್ಪಿನಬೆಟ್ಟ:
ಕಪ್ಪೆಗೂಡು ಬರೆದದ್ದು ಸರಿ. ನನಗೆ ಎಪ್ಪತ್ತು ದಾಟಿತು. ಮೊಮ್ಮಗಳು ಟೈಪ್ ಮಾಡುತ್ತಿದ್ದಾಳೆ, ತಪ್ಪಿದ್ದರೆ ಅವಳದ್ದು.

ಈ ರಸ್ತೆ ಮೊದಲೂ ಇತ್ತು. ಬಸ್ಸು ಬರುತ್ತಿತ್ತು. ಆದರೆ ಎರಡೂ ಬದಿಯ ಮರ ಮೇಲೆ ಕೈ ಹಿಡಿದುಕೊಂಡ ಹಾಗೆ ಕೂಡಿರುತ್ತಿದ್ದವು. ಬಸ್ಸಿನ ಮೇಲೆ ಬೀಳುತ್ತಿದ್ದದ್ದು ಮಳೆಯಲ್ಲ, ಎಲೆಯಿಂದ ಇಳಿದ ಹನಿ. ಸಿಂಗಳೀಕ ಮೇಲಿಂದಲೇ ಆಚೆ ದಾಟಿ ಹೋಗುತ್ತಿತ್ತು. ನಾವು ಕೆಳಗೆ ನಿಂತು ಬಾಲ ಮಾತ್ರ ನೋಡಿದ್ದು. ಮುಖ ನೋಡಿದವರೇ ಅಪರೂಪ. ಈಗ ರಸ್ತೆ ಬದಿಯ ಮರ ಸಾಲಾಗಿ ಹೋಯಿತು. ಕರೆಂಟ್ ತಂತಿ ಬಂತು ಅಂತ ಕೊಂಬೆ ಕಡಿದರು, ಚರಂಡಿ ಅಂತ ಬೇರು ಕಡಿದರು. ನಡುವೆ ಆಕಾಶ ಬಿತ್ತು.

ಆಕಾಶ ಬಿದ್ದಲ್ಲಿ ಬಿಸಿಲು, ಬಿಸಿಲು ಬಿದ್ದಲ್ಲಿ ಲಂಟಾನ, ಯುಪಟೋರಿಯಂನಂಥ ಕಳೆ. ನೆಲದ ತರಗು ಮೊದಲು ಒದ್ದೆ ಕಂಬಳಿಯ ಹಾಗಿರುತ್ತಿತ್ತು. ಈಗ ರಸ್ತೆಯಿಂದ ಒಳಗೆ ಸುಮಾರು ದೂರ ಕಾಲಿಟ್ಟರೆ ಹಪ್ಪಳ ಮುರಿದ ಸದ್ದು ಬರುತ್ತದೆ. ಹೊರಗಿನವರಿಗೆ ಎರಡೂ ಹಸಿರೇ.

ಹಕ್ಕಿಜಾಡು:
ಅಜ್ಜಾ, ಎಷ್ಟು ಚೆನ್ನಾಗಿ ಹೇಳಿದಿರಿ! ಮೊಮ್ಮಗಳಿಗೂ ಥ್ಯಾಂಕ್ಸ್.

ನಾವು ಹಕ್ಕಿ ನೋಡುವವರು ಇಲ್ಲಿ ಸುಲಭವಾಗಿ ಮೋಸ ಹೋಗುತ್ತೇವೆ. ರಸ್ತೆ ಬದಿಯಲ್ಲಿ ನಿಂತರೆ ಹಕ್ಕಿ ಜಾಸ್ತಿ ಸಿಗುತ್ತವೆ. ಬೆಳಕಿದೆ, ಫೋಟೋನೂ ಬರುತ್ತದೆ. ಪಟ್ಟಿ ಉದ್ದ ಆಗುತ್ತದೆ, ಕಾಡು ಚೆನ್ನಾಗಿದೆ ಅನ್ನಿಸುತ್ತದೆ. ಆದರೆ ಪಟ್ಟಿಯಲ್ಲಿ ಯಾರಿದ್ದಾರೆ ನೋಡಿ. ಪಿಕಳಾರ, ಮೈನಾ, ಸೂರಕ್ಕಿ. ಇವು ನಮ್ಮ ಹಿತ್ತಲಲ್ಲೂ ಇವೆ. ಕಾಕರಣೆಯಂಥ ಹಕ್ಕಿ ಒಳಗಿನ ಮಬ್ಬು ಬೆಳಕು ಬಿಟ್ಟು ಬರುವುದಿಲ್ಲ. ಅದು ಹಿಂದೆ ಸರಿಯುತ್ತಾ ಹೋಗುತ್ತದೆ. ಹತ್ತು ಜಾತಿ ಬಂದು ಎರಡು ಜಾತಿ ಹೋದರೆ ಲೆಕ್ಕದಲ್ಲಿ ಲಾಭ. ಆ ಎರಡು ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಸಿಗದ ಜಾತಿಯಾಗಿದ್ದರೆ? ಕಪ್ಪೆಗಳಲ್ಲಂತೂ ಇಂಥವೇ ಜಾಸ್ತಿ.

ವೇಗದೂತ_77:
ಸರಿ, ಕಪ್ಪೆ ವಿಷಯ ವಾಪಸ್ ತೆಗೆದುಕೊಂಡೆ. 55 ಅಂತ ಗೊತ್ತಿರಲಿಲ್ಲ. ಆದರೆ ಸಿಂಗಳೀಕ ಯಾಕೆ ರಸ್ತೆಗೆ ಬರುತ್ತದೆ? ಕಳೆದ ತಿಂಗಳು ಮಲೆಮನೆ ಹತ್ತಿರ ಕಾರಿನ ಬಾನೆಟ್ ಮೇಲೇ ಕೂತಿತ್ತು.

ಕಾನುಮನೆ:
ಯಾಕೆ ಅಂದರೆ ಯಾರೋ ಚಿಪ್ಸ್ ಕೊಟ್ಟಿದ್ದಾರೆ, ಅದಕ್ಕೆ. ನೀವು ಕೊಟ್ಟಿಲ್ಲ ತಾನೆ?

ಶನಿವಾರ ಭಾನುವಾರ ಬಂದು ನೋಡಿ. ಜೋಗ ನೋಡಿ ವಾಪಸ್ ಹೋಗುವ ಕಾರು ತಿರುವಿನಲ್ಲೇ ನಿಲ್ಲುತ್ತದೆ. ಮಕ್ಕಳು ಕಿಟಕಿಯಿಂದ ಬಾಳೆಹಣ್ಣು, ಬಿಸ್ಕತ್ತು ಎಸೆಯುತ್ತವೆ. ಹಿಂದಿನ ಕಾರಿನವರು ಹಾರ್ನ್ ಹೊಡೆಯುತ್ತಾರೆ. ಹೋದ ವರ್ಷ ನನ್ನ ಕಣ್ಣೆದುರೇ ಒಂದು ತಾಯಿ ಸಿಂಗಳೀಕ ಎಸೆದ ಪ್ಯಾಕೆಟ್ ಹೆಕ್ಕಲು ಬಂದು ಎದುರಿನ ಗಾಡಿಗೆ ಸಿಕ್ಕಿತು. ಮರಿ ಎದೆಗೆ ಕಚ್ಚಿಕೊಂಡೇ ಇತ್ತು. ಉಳಿದವು ಬದಿಯ ಕಟ್ಟೆ ಮೇಲೆ ಕೂತು ಸಣ್ಣಗೆ ಕೂ ಕೂ ಅನ್ನುತ್ತಿದ್ದವು. ಪ್ಯಾಕೆಟ್ ಎಸೆದ ಕಾರು ಅಷ್ಟು ಹೊತ್ತಿಗೆ ಗೇರುಸೊಪ್ಪೆ ಮುಟ್ಟಿರಬೇಕು. ಇದಾದದ್ದು ಹಗಲು ಹನ್ನೊಂದು ಗಂಟೆಗೆ. ಬರೆಯುತ್ತಾ ಬರೆಯುತ್ತಾ ನನಗೇ ಹೊಳೆಯುತ್ತಿದೆ, ರಾತ್ರಿ ಗೇಟು ಇದನ್ನು ತಡೆಯುತ್ತಿರಲಿಲ್ಲ.

ಕಪ್ಪೆಗೂಡು:
ಹೌದು. ಸಿಂಗಳೀಕ ಹಗಲು ಓಡಾಡುವ ಪ್ರಾಣಿ, ಕಪ್ಪೆ ಮಳೆಯ ಸಂಜೆಯದ್ದು. ಬಂಡೀಪುರದ ಹೊತ್ತು ಇಲ್ಲಿಯ ಎರಡಕ್ಕೂ ಸರಿಹೊಂದುವುದಿಲ್ಲ. ಕಪ್ಪೆ ದಾಟುವುದು ಕತ್ತಲಾದ ಕೂಡಲೇ. ಒಂಬತ್ತಕ್ಕೆ ಗೇಟು ಬಿದ್ದರೆ ಅರ್ಧ ಕತೆ ಮುಗಿದಿರುತ್ತದೆ.

ತಾಯಿ ಸತ್ತರೆ ನಷ್ಟ ಒಂದಲ್ಲ ಅನ್ನುವುದೂ ಗಮನಿಸಿ. ಸಿಂಗಳೀಕ ಒಂದು ಮರಿ ಹಾಕಿದ ಮೇಲೆ ಇನ್ನೊಂದಕ್ಕೆ ಎರಡು ವರ್ಷಕ್ಕೂ ಜಾಸ್ತಿ ಹಿಡಿಯುತ್ತದೆ. ಇಡೀ ಪಶ್ಚಿಮ ಘಟ್ಟದಲ್ಲಿ ಉಳಿದಿರುವುದು ನಾಲ್ಕು ಸಾವಿರದ ಆಸುಪಾಸು. ಈ ಶರಾವತಿ, ಅಘನಾಶಿನಿ ಕಾಡುಗಳಲ್ಲೇ ಏಳುನೂರರಷ್ಟಿವೆ.

ಎಸ್ಟೇಟ್ ರೈಟರ್:
ನಾನು ಕೊಪ್ಪದವನು. ಈಗ ತಮಿಳುನಾಡಿನ ವಾಲ್ಪಾರೈನಲ್ಲಿ ಟೀ ತೋಟದಲ್ಲಿ ಕೆಲಸ. ಆನೆಮಲೆ ಕಾಡಿನ ನಡುವಿನ ಊರು. ಇಲ್ಲಿ ಪುದುತೋಟ್ಟಂ ಅನ್ನುವ ಸಣ್ಣ ಕಾಡಿನ ತುಂಡಿನಲ್ಲಿ ನೂರಕ್ಕೂ ಹೆಚ್ಚು ಸಿಂಗಳೀಕ ಇವೆ. ಸುತ್ತ ಟೀ, ನಡುವೆ ರಸ್ತೆ. ತುಂಬಾ ಸತ್ತವು. ಆಮೇಲೆ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು, ಅರಣ್ಯ ಇಲಾಖೆಯವರು ಸೇರಿ ಮರದಿಂದ ಮರಕ್ಕೆ ಸೇತುವೆ ಕಟ್ಟಿದರು. ಬೆಂಕಿ ಆರಿಸುವವರ ಹಳೇ ಪೈಪನ್ನು ಹೆಣೆದು ಏಣಿಯ ಹಾಗೆ ಮಾಡಿದ್ದು. ರಸ್ತೆ ಬದಿಯಲ್ಲಿ ಕಾವಲಿಗೆ ಜನರನ್ನೂ ಇಟ್ಟಿದ್ದಾರೆ. ಗಾಡಿ ಬಂದರೆ ಕೈ ಅಡ್ಡ ಹಿಡಿಯುತ್ತಾರೆ, ತಿಂಡಿ ಎಸೆದರೆ ಬಯ್ಯುತ್ತಾರೆ. ಒಬ್ಬರ ಬೈಗುಳ ನಾನೇ ಕೇಳಿದ್ದೇನೆ, ಹತ್ತು ಬೋರ್ಡಿಗೆ ಸಮ.

ಸೇತುವೆ ಮೇಲೆ ಮೊದಲು ದೊಡ್ಡ ಗಂಡು ಬರುತ್ತದೆ. ಒಂದು ಕೈ ಇಟ್ಟು ಅಲ್ಲಾಡಿಸಿ ನೋಡುತ್ತದೆ. ಆಮೇಲೆ ಹಿಂದಿನವು ಸಾಲಾಗಿ. ಮರಿಗಳು ನಡುವೆ ನಿಂತು ಜೋಕಾಲಿ ಆಡಿ ಬೈಸಿಕೊಳ್ಳುತ್ತವೆ. ಆದರೂ ಹೇಳುತ್ತೇನೆ, ಪೂರ್ತಿ ಭರವಸೆ ಇಡಬೇಡಿ. ಕೆಳಗೆ ಕಸದ ತೊಟ್ಟಿ ತೆರೆದಿದ್ದರೆ ಸೇತುವೆ ಬಿಟ್ಟು ತೊಟ್ಟಿಗೇ ಇಳಿಯುತ್ತವೆ.

ಹಕ್ಕಿಜಾಡು:
ಮರದ ಮೇಲೇ ಬದುಕುವ ಪುಟ್ಟ ಪ್ರಾಣಿ ಕಾಡುಪಾಪವನ್ನು ಮರೆಯಬೇಡಿ. ಅದು ಹಾರುವುದೇ ಇಲ್ಲ. ಒಂದು ಕೊಂಬೆ ಹಿಡಿದು ಇನ್ನೊಂದು ಬಿಡುವ ಜಾತಿ. ಮುಸಿಯ ಹಾರಿ ದಾಟುವ ಸಂದು ಅದಕ್ಕೆ ಸಮುದ್ರ. ನೆಲಕ್ಕಿಳಿದರೆ ಅದರ ನಡಿಗೆ ಎಷ್ಟು ನಿಧಾನ ಅಂತ ನಿಮಗೆ ಗೊತ್ತೇ ಇದೆ.

ಕೇರ್ನ್ಸ್ ಕನ್ನಡಿಗ:
ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಿಂದ. ಇಲ್ಲೂ ಮಳೆಕಾಡು, ಇಲ್ಲೂ ಘಟ್ಟ, ಇಂಬಳವೂ ಉಂಟು. ಅಥರ್ಟನ್ ಪ್ರಸ್ಥಭೂಮಿಯ ಈಸ್ಟ್ ಎವೆಲಿನ್ ರಸ್ತೆ ಅಗಲ ಮಾಡುವಾಗ, 2001ರಲ್ಲಿ, ಅಡಿಯಲ್ಲಿ ನಾಲ್ಕು ದಾರಿ ಬಿಟ್ಟರು. ಬರೀ ಮೋರಿಯಲ್ಲ. ಒಳಗೆ ಮಣ್ಣು, ತರಗೆಲೆ, ಮರದ ದಿಮ್ಮಿ ಹಾಕಿ ಎರಡೂ ತುದಿಗೆ ಕಾಡಿನ ಗಿಡ ನೆಟ್ಟರು. ಮರ ಹತ್ತುವ ಕಾಂಗರೂ ಕೂಡ ಬಳಸಿದ್ದು ದಾಖಲಾಗಿದೆ. ಬರೀ ಸಿಮೆಂಟ್ ಕೊಳವೆ ಹೂತು ಅಂಡರ್‌ಪಾಸ್ ಅಂದರೆ ಎಲ್ಲ ಪ್ರಾಣಿಯೂ ಬರುವುದಿಲ್ಲ. ನಿಮ್ಮಲ್ಲಿ ರಸ್ತೆ ಅಗಲವಾಗುವ ಮಾತು ಬಂದರೆ ಮೊದಲೇ ಕೇಳಿ. ಟಾರ್ ಬಿದ್ದ ಮೇಲೆ ಅಗೆಯಲು ಯಾರೂ ಒಪ್ಪುವುದಿಲ್ಲ.

ಘಟ್ಟದಮ್ಮ:
ಎಲ್ಲ ಓದಿದೆ. ಒಬ್ಬರೂ ಕಾಡಿನೊಳಗಿರುವ ಜನರ ಮಾತು ಎತ್ತಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮೂರೂ ಇಂಥದ್ದೇ ಒಂದು ರಕ್ಷಿತ ಕಾಡಿನೊಳಗೆ. ಊರಿನ ಹೆಸರು ಬೇಡ. ನಮ್ಮತ್ತೆಗೆ ಎದೆನೋವು ಬಂದ ರಾತ್ರಿ ಕಂಬಳಿಗೆ ಬಿದಿರು ಕಟ್ಟಿ ಎರಡು ಮೈಲಿ ಹೊತ್ತರು. ಮಣ್ಣು ರಸ್ತೆಗೆ ಜಲ್ಲಿ ಹಾಕಲು ಅನುಮತಿ ಇಲ್ಲ ಅಂತ ಹೇಳಿದ್ದರು. ಗೇಟಿನ ಹತ್ತಿರ ಜೀಪು ಸಿಕ್ಕಿತು, ಬೀಗದ ಕೈ ಇದ್ದವನು ಸಿಗಲಿಲ್ಲ. ಅತ್ತೆ ಬದುಕಿದರು, ಅದು ಬೇರೆ ವಿಷಯ. ಅದೇ ಕಾಡಿಗೆ ವಾರಕ್ಕೊಮ್ಮೆ ಟ್ರೆಕ್ಕಿಂಗ್ ಜೀಪುಗಳು ಸಾಲಾಗಿ ಬರುತ್ತವೆ. ಅವರಿಗೆ ಗೇಟು ತೆರೆಯುತ್ತದೆ.

ಕುದುರೆಮುಖದಲ್ಲಿ ಗಣಿ 2005ರ ಕೊನೆಗೆ ನಿಂತಿತು. ಒಳ್ಳೆಯದಾಯಿತು. ಗಣಿ ಹೋಯಿತು, ಗಣಿಗೆ ಬಂದ ರಸ್ತೆ ಉಳಿಯಿತು. ಈಗ ಆ ರಸ್ತೆಯಲ್ಲಿ ಬರುವುದು ರೀಲ್ಸ್ ಮಾಡುವವರು. ಕಪ್ಪೆ ಉಳಿಯಲಿ, ನನಗೂ ಬೇಕು. ಆದರೆ ಲೆಕ್ಕ ಕೇಳುವಾಗ ನಮ್ಮ ಎರಡು ಮೈಲಿಯನ್ನೂ ಹೆದ್ದಾರಿಯ ಜೊತೆ ಒಂದೇ ತಕ್ಕಡಿಗೆ ಹಾಕಬೇಡಿ.

ಸೊಪ್ಪಿನಬೆಟ್ಟ:
ತಂಗಿ, ನಿನ್ನ ಮಾತಿಗೆ ಎದುರಿಲ್ಲ. ಮಣ್ಣಿನ ಗಾಡಿ ದಾರಿಯ ಮೇಲೆ ಕೊಂಬೆ ಕೂಡಿಯೇ ಇರುತ್ತದೆ. ಅದರಲ್ಲಿ ಆಂಬುಲೆನ್ಸ್ ಬಂದರೆ ಯಾವ ಸಿಂಗಳೀಕಕ್ಕೂ ನಷ್ಟವಿಲ್ಲ. ನಷ್ಟ ಮಾಡುವುದು ಅಗಲ.

ಗುಂಡ್ಲುಪೇಟೆಯವ:
ಶರಾವತಿ ಪಂಪ್ಡ್ ಸ್ಟೋರೇಜ್ ವಿದ್ಯುತ್ ಯೋಜನೆಯ ವಿಷಯ ಯಾರೂ ಎತ್ತಿಲ್ಲವಲ್ಲ. 2000 ಮೆಗಾವಾಟ್ ಅಂತ ಪೇಪರಿನಲ್ಲಿ ನೋಡಿದೆ. ಎಲ್ಲ ಸುರಂಗದೊಳಗೆ, ಕಾಡಿಗೆ ತೊಂದರೆ ಕಡಿಮೆ ಅನ್ನುತ್ತಾರೆ?

ಕಪ್ಪೆಗೂಡು:
ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯದ ನಡುವೆ ನೀರು ಇಳಿಸಿ ಏರಿಸುವ ಯೋಜನೆ. ಜಾಗ ಇದೇ ಅಭಯಾರಣ್ಯ. ಸುರಂಗ ನೆಲದಡಿಯೇ ಇರುತ್ತದೆ, ಒಪ್ಪೋಣ. ಸುರಂಗದ ಬಾಯಿಗೆ ಲಾರಿ ಹೋಗಲು ರಸ್ತೆ ಬೇಡವಾ? ಅಗೆದ ಕಲ್ಲು ಮಣ್ಣು ಸುರಿಯಲು ಜಾಗ, ಅಲ್ಲಿಗೆ ಇನ್ನೊಂದು ರಸ್ತೆ. ಕೆಲಸ ಮುಗಿದ ಮೇಲೆ ರಸ್ತೆಯನ್ನು ಯಾರೂ ಸುತ್ತಿಕೊಂಡು ಹೋಗುವುದಿಲ್ಲ. ಘಟ್ಟದಮ್ಮ ಅವರ ಕುದುರೆಮುಖದ ಮಾತೇ ಇದು.

ಅಮೆಜಾನಿನಲ್ಲಿ ಲೆಕ್ಕ ಹಾಕಿ ನೋಡಿದ್ದಾರೆ. ನಾಶವಾದ ಕಾಡಿನ ನೂರಕ್ಕೆ 95ರಷ್ಟು ಭಾಗ ಒಂದೋ ರಸ್ತೆಯಿಂದ ಐದೂವರೆ ಕಿಲೋಮೀಟರ್ ಒಳಗೆ, ಇಲ್ಲವೇ ದೋಣಿ ಹೋಗುವ ನದಿಯಿಂದ ಒಂದು ಕಿಲೋಮೀಟರ್ ಒಳಗೆ ಇತ್ತು. ನಮ್ಮ ಕಾನೂನು ಬೇರೆ, ಇಲ್ಲಿ ಹಾಗೆ ಬೋಳಿಸುವುದಿಲ್ಲ. ಆದರೂ ಹೊಸ ರಸ್ತೆಗೆ ನಾನು ಹೆದರುವುದು ಹಳೇ ರಸ್ತೆಗಿಂತ ಜಾಸ್ತಿ.

ಹೆಡ್‌ಲೈಟ್:
ನಿನ್ನೆ ರಾತ್ರಿ ಇದನ್ನೆಲ್ಲ ಓದಿ ಆಮೇಲೆ ಗಾಡಿ ಹತ್ತಿದೆ. ಬೇಡವಾಗಿತ್ತು. ಘಟ್ಟ ಹತ್ತುವವರೆಗೂ ಟಾರಿನ ಮೇಲೆ ಎಲೆ ಕಂಡರೆ ಕಾಲು ಬ್ರೇಕಿಗೆ ಹೋಗುತ್ತಿತ್ತು.

ಒಂದು ವಿಷಯ ಗಮನಿಸಿದೆ. ಕಪ್ಪೆ ಎಲ್ಲ ಕಡೆ ಇಲ್ಲ. ನಾಲ್ಕೈದು ಜಾಗದಲ್ಲಿ ಮಾತ್ರ ರಾಶಿ. ಎಲ್ಲೆಲ್ಲಿ ಮೋರಿ ಇದೆಯೋ ಅದರ ಎರಡೂ ಬದಿ. ಒಂದು ಮೋರಿಯ ಬಾಯಿ ಮಣ್ಣು ತುಂಬಿ ಅರ್ಧ ಮುಚ್ಚಿದೆ. ಅಲ್ಲೇ ಅತಿ ಹೆಚ್ಚು. ಕೆಳಗೆ ದಾರಿ ಇಲ್ಲದ್ದಕ್ಕೆ ಮೇಲೆ ಬರುತ್ತಿವೆಯಾ?

ಕಪ್ಪೆಗೂಡು:
ಅಣ್ಣಾ!! ಇದನ್ನೇ ಕೇಳಬೇಕಿತ್ತು. ಹಾಗಿದ್ದರೂ ಇರಬಹುದು, ನೋಡಿಯೇ ಹೇಳಬೇಕು. ಜಾಗ ಗೊತ್ತಾದರೆ ಇಡೀ ಘಟ್ಟ ಮುಚ್ಚುವ ಮಾತೇ ಬರುವುದಿಲ್ಲ. ಆ ನಾಲ್ಕೈದು ಕಡೆ ಮೋರಿ ಬಿಡಿಸಿ, ಎರಡೂ ಬದಿ ಮೊಣಕಾಲೆತ್ತರದ ಗೋಡೆ ಕಟ್ಟಿದರೆ ಕಪ್ಪೆ ಗೋಡೆ ಹಿಡಿದು ಮೋರಿಗೆ ಇಳಿಯುತ್ತದೆ. ಮರಗಪ್ಪೆ ಗೋಡೆ ಹತ್ತುತ್ತದೆ, ಅದಕ್ಕೆ ಗೋಡೆಯ ತುದಿ ಒಳಕ್ಕೆ ಬಾಗಿರಬೇಕು. ಮಳೆಗಾಲದ ಮೊದಲ ವಾರಗಳಲ್ಲಿ ಅಲ್ಲಿ ಮಾತ್ರ ಗಾಡಿ ನಿಧಾನ. ಕಿಲೋಮೀಟರ್ ಕಲ್ಲಿನ ನಂಬರ್ ಹೇಳುತ್ತೀರಾ?

ಹೆಡ್‌ಲೈಟ್:
ಕಲ್ಲಿಗೆ ಪಾಚಿ ಹಿಡಿದಿದೆ, ನಂಬರ್ ಕಾಣುವುದಿಲ್ಲ. ಬನ್ನಿ, ತೋರಿಸುತ್ತೇನೆ. ಭಾನುವಾರ ನನಗೆ ಲೋಡ್ ಇಲ್ಲ. ಬೇರೆ ಡ್ರೈವರ್‌ಗಳಿಗೂ ಹೇಳಿದ್ದೇನೆ. ನಕ್ಕರು, ಆದರೆ ಇಬ್ಬರು ತಮಗೆ ಕಂಡ ಜಾಗ ಹೇಳಿದರು.

ಕಾನುಮನೆ:
ನಮ್ಮನೆಗೆ ಆರು ಗಂಟೆಗೆ ಬನ್ನಿ. ಕಷಾಯ ಕುಡಿದು ಹೊರಡೋಣ. ಗಾಡಿ ತೋಟದೊಳಗೆ ನಿಲ್ಲಿಸಿ, ರಸ್ತೆ ಬದಿ ಬೇಡ. ಎದೆಗೆ ಹೊಳೆಯುವ ಪಟ್ಟಿ ಇರುವ ಜಾಕೆಟ್ ಎರಡು ನನ್ನ ಹತ್ತಿರ ಇವೆ. ಇಂಬಳ ಸಿಕ್ಕಾಪಟ್ಟೆ ಇದೆ, ಸುಣ್ಣ ಹೊಗೆಸೊಪ್ಪು ಕಲಸಿ ಇಟ್ಟಿರುತ್ತೇನೆ.

ಕಪ್ಪೆಗೂಡು:
ಕಾಲಿಗೆ ಹಚ್ಚಿ, ಕೈಗೆ ಬೇಡ. ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ, ಸುಣ್ಣದ ಕೈಯಲ್ಲಿ ಎತ್ತಿದರೆ ಲಾರಿ ಬೇಕಾಗುವುದಿಲ್ಲ.

ವೇಗದೂತ_77:
ಭಾನುವಾರ ನಾನೂ ಬರಬಹುದಾ? ಟಾರ್ಚ್ ದೊಡ್ಡದಿದೆ.

ಕಾನುಮನೆ:
ಬನ್ನಿ ಮಾರಾಯ್ರೆ. ಚಿಪ್ಸ್ ತರಬೇಡಿ.